ವಿದ್ಯಾರ್ಥಿಯ ಮನಃಕ್ಷೇಮವೂ ಗೃಹಸ್ಥಧರ್ಮವೂ

ಕಾಯಕ್ಕೆ ನೋವಾದರೆ ಅದನ್ನು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ಮನಸ್ಸಿಗೆ ನೋವಾದರೆ ಮಾತ್ರ ಅದನ್ನು ಮರೆಮಾಡುವುದೇ ಮರ್ಯಾದೆಯೆಂಬ ಭಾವನೆಯು ಸದ್ಭಕ್ತರ ಮನೆಗಳಲ್ಲಿಯೂ ಬೇರೂರಿದೆ. ದುಃಖವನ್ನು ನುಡಿಯುವುದು ದೌರ್ಬಲ್ಯವೇ? ಅದನ್ನು ಕೇಳಿದವರ ಧರ್ಮವೇನು? ಮಕ್ಕಳನ್ನು ವಿದ್ಯಾರ್ಜನೆಗಾಗಿ ದೂರದ ನಗರಕ್ಕೆ ಕಳುಹಿಸಿರುವ ತಂದೆತಾಯಿಗಳು ಅವಶ್ಯವಾಗಿ ವಿಚಾರಿಸಬೇಕಾದ ಪ್ರಶ್ನೆಗಳಿವು.

ಹಾವೇರಿಯ ಕಡೆಯ ಹಳ್ಳಿಯಿಂದ ಬಂದು, ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಯಲ್ಲಿದ್ದು ಕಾಲೇಜಿಗೆ ಹೋಗುವ ತರುಣನೊಬ್ಬನನ್ನು ಭಾವಿಸಿಕೊಳ್ಳಬಹುದು. ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದ ಅವನು ಇಲ್ಲಿ ಮೊದಲನೆಯ ಸೆಮಿಸ್ಟರಿನಲ್ಲಿಯೇ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗುತ್ತಾನೆ. ಭಾನುವಾರ ಊರಿನಿಂದ ಫೋನು ಬರುತ್ತದೆ. "ಅಭ್ಯಾಸ ಹೇಗೆ ನಡೆದಿದೆ, ತಮ್ಮಾ?" ಎಂದು ತಂದೆ ಕೇಳುತ್ತಾನೆ. "ಚೆನ್ನಾಗಿಯೇ ನಡೆದಿದೆ, ಅಪ್ಪಾ" ಎಂದು ಮಗನು ಉತ್ತರಿಸುತ್ತಾನೆ. ಈ ಸುಳ್ಳಿಗೆ ಕಾರಣ ಕಪಟವಲ್ಲ. ತನ್ನ ಓದಿಗಾಗಿ ಮನೆಯವರು ಮಾಡಿದ ಸಾಲದ ಲೆಕ್ಕ ಅವನಿಗೆ ಗೊತ್ತು. ತನ್ನ ಸೋಲು ಮನೆಯ ಸೋಲಾಗುವುದೆಂದು ಅಂಜಿ ಆ ಭಾರವನ್ನು ಒಬ್ಬನೇ ಹೊರುತ್ತಾನೆ.

ಮಠಗಳ ಪ್ರಸಾದನಿಲಯಗಳಲ್ಲಿ ಹುಡುಗನೊಬ್ಬನು ಪಂಕ್ತಿಗೆ ಬಾರದಿದ್ದರೆ ಬಡಿಸುವವರ ಕಣ್ಣಿಗೆ ಅದು ಬೀಳುತ್ತದೆ, "ಅವನೆಲ್ಲಿ?" ಎಂಬ ವಿಚಾರಣೆ ನಡೆಯುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಬಿಡಿ ಕೋಣೆಗಳಲ್ಲಿ ಒಬ್ಬನು ಎರಡು ದಿನ ಉಣ್ಣದಿದ್ದರೂ ಕೇಳುವವರಿಲ್ಲದಿರಬಹುದು. ದಾಸೋಹದ ಮರ್ಮವು ಬಂದವರಿಗೆ ಅನ್ನವಿಕ್ಕುವುದರಲ್ಲಿ ಮಾತ್ರವಿಲ್ಲ. ಬಾರದವರನ್ನು ನೆನೆದು ಅರಸುವುದರಲ್ಲಿಯೂ ಇದೆ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ ಉನ್ನತ ಪದವಿಯಲ್ಲಿದ್ದವರು. ಆದರೂ ತಮ್ಮ ಮನಸ್ಸಿನ ಚಾಂಚಲ್ಯವನ್ನೂ ಕೊರತೆಗಳನ್ನೂ ವಚನಗಳಲ್ಲಿ ಮುಚ್ಚಿಡಲಿಲ್ಲ. ಅಕ್ಕಮಹಾದೇವಿಯವರು ಅಗಲಿಕೆಯ ಅಳಲನ್ನು ನಿಸ್ಸಂಕೋಚವಾಗಿ ನುಡಿದರು. ಅವರನ್ನು ದುರ್ಬಲರೆಂದು ಯಾರು ಕರೆದಾರು? ಒಳಗಿನ ನೋವನ್ನು ಇದ್ದಂತೆಯೇ ನುಡಿಯುವುದು ಸತ್ಯಶುದ್ಧತೆಯ ಅಂಗವೇ ಹೊರತು ಹೇಡಿತನವಲ್ಲ.

ವಿದ್ಯಾರ್ಥಿಗೆ ಅಧ್ಯಯನವೇ ಕಾಯಕವೆಂದು ಹಿರಿಯರು ಬೋಧಿಸುತ್ತಾರೆ. ಅದು ಸರಿಯೇ. ಆದರೆ ಕಾಯಕದ ಬೆಲೆಯಿರುವುದು ಪ್ರಾಮಾಣಿಕವಾದ ದುಡಿಮೆಯಲ್ಲಿ, ಅಂಕಪಟ್ಟಿಯಲ್ಲಲ್ಲ. ಅಂಕ ಬಂದರೆ ವಾತ್ಸಲ್ಯ, ಬಾರದಿದ್ದರೆ ತಿರಸ್ಕಾರ ಎಂದಾದರೆ ಅಲ್ಲಿ ಉಳಿಯುವುದು ವ್ಯಾಪಾರ ಮಾತ್ರ.

ಇಷ್ಟು ಮೃದುವಾದರೆ ಮಕ್ಕಳು ಸೋಮಾರಿಗಳಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಸೋಮಾರಿಗೆ ಓದು ಬೇಡವಾದರೂ ಆಟಪಾಟಗಳು ಬೇಕು. ಮನಸ್ಸು ಕುಸಿದವನಿಗೆ ಪ್ರಿಯವಾದದ್ದೂ ರುಚಿಸದು. ನಿದ್ರೆ ಕೆಡುವುದು, ಊಟ ಸೇರದು, ಗೆಳೆಯರ ಸಂಗ ಬೇಡವೆನಿಸುವುದು. ಈ ಲಕ್ಷಣಗಳು ಎರಡು ವಾರಗಳವರೆಗೆ ಬಿಡದೆ ಕಾಡಿದರೆ ಅದು ಗದರಿಕೆಯಿಂದ ಸರಿಹೋಗುವುದಲ್ಲ. ಪೂಜೆ ಮಾಡು, ಎಲ್ಲವೂ ಸರಿಹೋದೀತು ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದೂ ತರವಲ್ಲ. ಪೂಜೆಯು ಮನಸ್ಸಿಗೆ ಆಸರೆಯಾದೀತು. ಚಿಕಿತ್ಸೆಯನ್ನು ತಪ್ಪಿಸಲು ಅದನ್ನು ನೆವಮಾಡಬಾರದು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವೃತ್ತಿಯೂ ಅಲ್ಲಿ ಕಾಯಕವೆಂದೇ ಗೌರವ ಪಡೆದಿತ್ತು.

ಅಂಥ ವೈದ್ಯರು ಇಂದು ದೂರದಲ್ಲಿಲ್ಲ. ಜಯನಗರಕ್ಕೆ ಸಮೀಪದಲ್ಲಿ, ಹೊಸೂರು ರಸ್ತೆಯ ಬದಿಯಲ್ಲಿ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಯೋಜನೆಗೂ ಅದೇ ಕೇಂದ್ರಸ್ಥಾನ. 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಸಾಂತ್ವನವೂ ಸಲಹೆಯೂ ದೊರೆಯುತ್ತವೆ. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ಅರ್ಹ ಆಪ್ತಸಲಹೆಗಾರರೊಬ್ಬರಾದರೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ ವಿಧಿಸಿದೆ. ಮಗುವಿನ ಕಾಲೇಜಿನಲ್ಲಿ ಅಂಥವರಿದ್ದಾರೆಯೇ ಎಂದು ವಿಚಾರಿಸುವುದು ಪೋಷಕರ ಹಕ್ಕೂ ಹೌದು, ಕರ್ತವ್ಯವೂ ಹೌದು.

ಎಷ್ಟು ಏರ್ಪಾಡುಗಳಿದ್ದರೂ ಮೊದಲ ಹೆಜ್ಜೆ ಮನೆಯವರದೇ. ಬದುಕೇ ಬೇಡವೆಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಹಗುರವಾಗಿ ಎಣಿಸಬಾರದು. ಅಂಥ ಸಂದೇಹ ಬಂದಾಗ ನೇರವಾಗಿ ಕೇಳುವುದರಿಂದ ಆ ಆಲೋಚನೆ ಹುಟ್ಟುವುದಿಲ್ಲವೆಂದು ಮನೋವೈದ್ಯರು ತಿಳಿಸುತ್ತಾರೆ. ಆ ವೇಳೆಯಲ್ಲಿ ಅವರನ್ನು ಒಬ್ಬರೇ ಇರಗೊಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಗುಟ್ಟು ಕಾಯುವೆನೆಂದು ಕೊಟ್ಟ ಭಾಷೆಗಿಂತ ಜೀವ ದೊಡ್ಡದು. ಮನೆತನದ ಹೆಸರಿಗಿಂತಲೂ ದೊಡ್ಡದು.

ಮುಂದಿನ ಭಾನುವಾರ ಫೋನು ಮಾಡುವ ತಂದೆಯು ಅಂಕಗಳ ಮಾತನ್ನು ಹಿಂದಿಡಲಿ. "ಉಂಡೆಯಾ? ನಿದ್ರೆ ಬರುತ್ತಿದೆಯೇ? ಫಲ ಹೇಗೇ ಇರಲಿ, ನೀನು ನಮ್ಮ ಮಗನೇ" ಎಂದು ನುಡಿದು, ಆಮೇಲೆ ತಾನು ಸುಮ್ಮನಿದ್ದು ಆಲಿಸಲಿ. ಅನ್ನದಾಸೋಹ ನಡೆಸುವ ಶಕ್ತಿ ಎಲ್ಲರಿಗೂ ಇರಲಾರದು. ಕಿವಿಗೊಟ್ಟು ಕೇಳುವ ಈ ದಾಸೋಹವು ಬಡವನಿಗೂ ಸಾಧ್ಯ.