ತಪ್ಪು ಲೆಕ್ಕಕ್ಕೆ ನಗಬಹುದೆ?

ಶಿಷ್ಯನ ತಪ್ಪು ಉತ್ತರವನ್ನು ಕೇಳಿ ಗುರುವಾದವನು ನಗಬಹುದೆ? ಪ್ರಶ್ನೆ ಅಲ್ಪವೆಂದು ತೋರೀತು. ಆದರೆ ಗಣಿತ, ವಿಜ್ಞಾನಗಳ ತರಗತಿಯಲ್ಲಿ ದಿನದಿನವೂ ಎದುರಾಗುವ ಧರ್ಮಸಂಕಟವಿದು. ಭಾಷೆಯ ಪಾಠದಲ್ಲಿ ಅರೆ ಸರಿ, ಮುಕ್ಕಾಲು ಸರಿ ಎಂಬ ಉತ್ತರಗಳುಂಟು. ಲೆಕ್ಕದಲ್ಲಾದರೋ ಉತ್ತರವು ಸರಿ, ಇಲ್ಲವೇ ತಪ್ಪು. ಆದುದರಿಂದಲೇ ಅಲ್ಲಿ ನಗೆಯೂ ಅಂಜಿಕೆಯೂ ಬೇಗನೆ ಹುಟ್ಟುತ್ತವೆ.

ನಮ್ಮ ಸೂಳಗಿರಿಯ ಸೀಮೆಯನ್ನೇ ನೋಡೋಣ. ಇಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಕನ್ನಡದ ‘ಒಂದು’ ಒಂದೇ. ತೆಲುಗಿನ ‘ವಂದ’ ನೂರು. ತಮಿಳಿನ ‘ಆರು’ ಸಂಖ್ಯೆಯೂ ಹೌದು, ಹೊಳೆಯೂ ಹೌದು. ಮನೆಯಲ್ಲಿ ತೆಲುಗನ್ನಾಡುವ ಮಗು ಒಂದಕ್ಕೂ ನೂರಕ್ಕೂ ನಡುವೆ ತಡವರಿಸಿದರೆ, ಎಡವಿದುದು ಕಿವಿಯೇ ಹೊರತು ಬುದ್ಧಿಯಲ್ಲ.

ನಾಲ್ವರು ಆರು ದಿನಗಳಲ್ಲಿ ಕಟ್ಟುವ ಗೋಡೆಯನ್ನು ಇಪ್ಪತ್ತನಾಲ್ವರು ಎಷ್ಟು ದಿನಗಳಲ್ಲಿ ಕಟ್ಟುವರು? ಪುಸ್ತಕದ ಉತ್ತರ ಒಂದು ದಿನ. “ಅಷ್ಟು ಜನ ಸೇರಿದರೆ ಹರಟೆಯಲ್ಲೇ ದಿನ ಕಳೆದೀತು, ಸಾರ್” ಎಂದು ಹುಡುಗನೊಬ್ಬನು ಹೇಳಿದನೆನ್ನಿ. ತರಗತಿಯು ಗೊಳ್ಳೆಂದು ನಗುತ್ತದೆ. ಆದರೆ ದಿನಕ್ಕೆ 8 ಗಂಟೆಯ ದುಡಿಮೆಯೆಂದು ಅದೇ ಲೆಕ್ಕವನ್ನು ಮುಂದುವರಿಸಿದರೆ, 11,520 ಮಂದಿ ಒಂದೇ ನಿಮಿಷದಲ್ಲಿ ಆ ಗೋಡೆಯನ್ನು ಎಬ್ಬಿಸಬೇಕು! ಅವರೆಲ್ಲ ನಿಲ್ಲುವುದೆಲ್ಲಿ? ಒಬ್ಬರಿಗೊಬ್ಬರು ಅಡ್ಡಬಾರದೆ ಎಲ್ಲರೂ ಸಮನಾಗಿ ದುಡಿಯುವರೆಂಬ ಕಲ್ಪನೆಯನ್ನು ಪುಸ್ತಕವು ಬಾಯಿಬಿಟ್ಟು ಹೇಳಿರಲಿಲ್ಲ. ಹುಡುಗನು ಅದನ್ನು ಬಯಲಿಗೆಳೆದನು.

ವಿಜ್ಞಾನದಲ್ಲಿಯೂ ಹೀಗೆಯೇ. ಕಲ್ಲೂ ಗರಿಯೂ ಒಟ್ಟಿಗೆ ಬೀಳಬಲ್ಲವೆಂದರೆ ಮಕ್ಕಳು ನಂಬರು. ಅವರ ಕಣ್ಣು ಕಂಡದ್ದೇ ಬೇರೆ. ಭಾರವಾದುದೇ ಬೇಗ ಬೀಳುವುದೆಂದು ಅರಿಸ್ಟಾಟಲನೂ ತಿಳಿದಿದ್ದನು. ಗಾಳಿಯ ತಡೆಯಿಲ್ಲದ ಚಂದ್ರನ ಮೇಲೆ 1971ರಲ್ಲಿ ಅಪೋಲೋ 15ರ ಯಾತ್ರಿಕ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಗರಿಯನ್ನೂ ಒಮ್ಮೆಗೇ ಕೈಬಿಟ್ಟಾಗ, ಅವೆರಡೂ ಜೊತೆಯಾಗಿಯೇ ನೆಲ ಮುಟ್ಟಿದವು. ಮಗು ಕಂಡದ್ದು ಸುಳ್ಳಲ್ಲ. ಗಾಳಿಯ ಪಾತ್ರವು ಅದಕ್ಕೆ ತಿಳಿದಿರಲಿಲ್ಲ, ಅಷ್ಟೆ.

ಹಾಗೆಂದು ತಪ್ಪನ್ನು ಸರಿಯೆನ್ನಬೇಕೆ? ಕೂಡದು. ನಮ್ಮ ಕರುಣೆಯಿಂದ ಏಳೆಂಟಲ ಐವತ್ತೈದಾಗದು. ಅಂಕಗಳನ್ನು ದಾನ ಮಾಡುವುದೂ ಧರ್ಮವಲ್ಲ. “ಈ ಉತ್ತರ ಹೇಗೆ ಬಂತಪ್ಪಾ?” ಎಂದು ಮೊದಲು ಕೇಳುವುದು ಧರ್ಮ. ದಾರಿ ತಿಳಿದ ಮೇಲೆ ಗುರುಶಿಷ್ಯರಿಬ್ಬರೂ ಕೂಡಿ ನಕ್ಕರೆ, ಆ ನಗೆಯೇ ಪಾಠವನ್ನು ನೆನಪಿನಲ್ಲಿ ನಿಲ್ಲಿಸೀತು. ಕೇಳದೆ ನಕ್ಕರೆ ಮಗು ಮಾರನೆಯ ದಿನ ಬಾಯಿ ತೆರೆಯದು. ಬಾಯಿ ತೆರೆಯದ ಮಗುವಿನ ತಪ್ಪನ್ನು ತಿದ್ದುವವರಾರು?