ಹಳದಿ ಕಾಗದ, ದಪ್ಪ ಪುಸ್ತಕ

ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ್’ ಕತೆ ಓದುವ ಅಭ್ಯಾಸವಿರುವ ಅನೇಕರಿಗೆ ಗೊತ್ತು. ರೊಟ್ಟಿ ಕದ್ದ ಬಡವ, ಅವನ ಬೆನ್ನು ಬಿಡದ ಪೊಲೀಸ್ ಅಧಿಕಾರಿ, ಕಳ್ಳನಿಗೇ ಮೇಣದಬತ್ತಿಯ ಬೆಳ್ಳಿ ಕಂಬಗಳನ್ನು ಕೊಟ್ಟು ಕಳಿಸುವ ಬಿಷಪ್. ಸೊಹ್ರಾಬ್ ಮೋದಿ 1955ರಲ್ಲಿ ಇದನ್ನೇ ‘ಕುಂದನ್’ ಎಂಬ ಸಿನಿಮಾ ಮಾಡಿದರು. ಆದರೆ 1862ರ ಆ ಪುಸ್ತಕವನ್ನು ಪೂರ್ತಿ ಓದಿದವರು ಕಡಿಮೆ. ಐದು ಭಾಗ, 365 ಅಧ್ಯಾಯ, ಇಂಗ್ಲಿಷಿನಲ್ಲಿ ಸಾವಿರಕ್ಕೂ ಹೆಚ್ಚು ಪುಟ. ಇದನ್ನು ಓದುವುದು ಹೇಗೆ ಎಂದು ಕಿರಿಯ ಗೆಳೆಯರು ಕೇಳುವಾಗ ಅದರೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿರುತ್ತದೆ: ಕತೆ ಗೊತ್ತಿದ್ದ ಮೇಲೆ ಓದಲೇಬೇಕೆ? ಸಂಗ್ರಹ ಸಾಲದೆ?

ಇದಕ್ಕೆ ಉತ್ತರ ಕಾದಂಬರಿಯಲ್ಲೇ ಇದೆ. ಹತ್ತೊಂಬತ್ತು ವರ್ಷ ಸೆರೆವಾಸ ಮುಗಿಸಿದ ಝಾನ್ ವಾಲ್‌ಝಾನ್ ಕೈಯಲ್ಲಿ ಒಂದು ಹಳದಿ ಕಾಗದವಿದೆ. ಕಳವಿಗೆ ಐದು ವರ್ಷ, ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ ಹದಿನಾಲ್ಕು ವರ್ಷ, ಮನುಷ್ಯ ಬಹಳ ಅಪಾಯಕಾರಿ. ಇದರಲ್ಲಿ ಸುಳ್ಳೇನೂ ಇಲ್ಲ. ಕದ್ದದ್ದು ರೊಟ್ಟಿ ಎಂದಾಗಲಿ, ಅಕ್ಕನ ಏಳು ಮಕ್ಕಳು ಹಸಿದಿದ್ದರೆಂದಾಗಲಿ ಅಲ್ಲಿಲ್ಲ, ಅಷ್ಟೇ. ಆ ಕಾಗದ ಅವನ ಬದುಕಿನ ಸಂಗ್ರಹ ಆವೃತ್ತಿ. ಅವನು ಯಾರೆಂದು ತಿಳಿದ ಕೂಡಲೇ ಊರಿನ ಹೋಟೆಲುಗಳು ಬಾಗಿಲು ಮುಚ್ಚುತ್ತವೆ. ಬರೀ ಹೆಸರು ಕೇಳಿ ಬಾಡಿಗೆ ಮನೆ ಇಲ್ಲ ಎನ್ನಿಸಿಕೊಂಡವರಿಗೆ ಈ ಪುಟಗಳನ್ನು ಯಾರೂ ವಿವರಿಸಬೇಕಿಲ್ಲ. ಬಿಷಪ್ ಮಿರಿಯೆಲ್ ಎದುರು ವಾಲ್‌ಝಾನ್ ತಾನೇ ಆ ಕಾಗದವನ್ನು ಓದಿ ಹೇಳುತ್ತಾನೆ. ಬಿಷಪ್ ಅದಕ್ಕೆ ಉತ್ತರಿಸದೆ ಹಾಸಿಗೆಗೆ ಬಿಳಿ ದುಪ್ಪಟಿ ಹಾಸಲು ಹೇಳುತ್ತಾರೆ.

ಅವಸರದ ಓದುಗರು ಸೋಲುವುದು ಇದಕ್ಕೂ ಮೊದಲೇ. ವಾಲ್‌ಝಾನ್ ಬರುವ ಮುಂಚೆ ಹದಿನಾಲ್ಕು ಅಧ್ಯಾಯ ಬರೀ ಈ ಮುದಿ ಬಿಷಪ್ಪರ ದಿನಚರಿ. ಹದಿನೈದು ಸಾವಿರ ಫ್ರಾಂಕ್ ಸಂಬಳದಲ್ಲಿ ತನಗೆಂದು ಉಳಿಸಿಕೊಳ್ಳುವುದು ಒಂದು ಸಾವಿರ. ಅರಮನೆಯನ್ನು ರೋಗಿಗಳಿಗೆ ಬಿಟ್ಟು ಇಕ್ಕಟ್ಟಿನ ಆಸ್ಪತ್ರೆ ಕಟ್ಟಡಕ್ಕೆ ತಾವು ಹೋಗುತ್ತಾರೆ. ಊರೇ ದೂರವಿಟ್ಟ ಹಳೆಯ ಕ್ರಾಂತಿಕಾರಿಯೊಬ್ಬನ ಸಾವಿನ ಹೊತ್ತಿಗೆ ಒಲ್ಲದ ಮನಸ್ಸಿನಿಂದ ಹೋಗಿ, ಕೊನೆಗೆ ಅವನ ಮುಂದೆ ಮಂಡಿಯೂರಿ ಆಶೀರ್ವಾದ ಕೇಳುತ್ತಾರೆ. ಈ ಅಧ್ಯಾಯಗಳನ್ನು ಹಾರಿಸಿದವರಿಗೆ ಬೆಳ್ಳಿ ಕಂಬದ ದಾನ ಪವಾಡದಂತೆ ಕಾಣುತ್ತದೆ. ಓದಿದವರಿಗೆ ಅದು ಅಭ್ಯಾಸ. ಒಬ್ಬ ಮನುಷ್ಯ ದಿನವೂ ಬೆಳೆಸಿಕೊಂಡು ಬಂದ ಅಭ್ಯಾಸ.

ಹಾಗಾದರೆ ಓದುವುದು ಹೇಗೆ? ದಿನಕ್ಕೊಂದು ಅಧ್ಯಾಯದಂತೆ ಓದಿದರೂ ವರ್ಷದಲ್ಲಿ ಮುಗಿಯುತ್ತದೆ, ಹೆಚ್ಚಿನವು ಚಿಕ್ಕವು. ಲಖನೌದ ನವಲ್ ಕಿಶೋರ್ ಪ್ರೆಸ್ 46 ಸಂಪುಟಗಳಲ್ಲಿ ಅಮೀರ್ ಹಂಝಾನ ದಾಸ್ತಾನ್ ಅಚ್ಚು ಹಾಕಿತ್ತು. ದಾಸ್ತಾನ್ ಕೇಳಲು ಕೂತವರು ಮುಗಿಯುವುದು ಯಾವಾಗ ಎಂದು ಕೇಳುತ್ತಿರಲಿಲ್ಲ, ಮುಗಿಯದಿರಲಿ ಎಂದೇ ಅವರ ಆಸೆ. ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ, ವಾಲ್‌ಝಾನ್ ಪದೇ ಪದೇ ಹೆಸರು ಬದಲಿಸುತ್ತಾನೆ. ಕನ್ಯಾಮಠಗಳ ಕುರಿತ ಚರ್ಚೆ, ಕಳ್ಳರ ಭಾಷೆಯ ಕುರಿತ ಪ್ರಬಂಧ ಇವೆರಡನ್ನು ನಂತರಕ್ಕೆ ಇಟ್ಟುಕೊಳ್ಳಬಹುದು. 1976ರ ತನ್ನ ಇಂಗ್ಲಿಷ್ ಅನುವಾದದಲ್ಲಿ ನಾರ್ಮನ್ ಡೆನ್ನಿ ಅವನ್ನು ಅನುಬಂಧಕ್ಕೇ ಸಾಗಿಸಿದ. ಹ್ಯೂಗೋ ಮಾತುಗಾರ, ಕೆಲವೊಮ್ಮೆ ಅತಿಯಾಗಿಯೇ. ಆದರೂ ಪ್ಯಾರಿಸ್ ತನ್ನ ಗೊಬ್ಬರವನ್ನೆಲ್ಲ ಚರಂಡಿಗೆ ಸುರಿದು ವರ್ಷಕ್ಕೆ ಎರಡೂವರೆ ಕೋಟಿ ಫ್ರಾಂಕ್ ಕಳೆದುಕೊಳ್ಳುತ್ತಿದೆ ಎಂಬ ಅವನ ಸಿಟ್ಟನ್ನು ಯಾವ ರೈತನೂ ಒಪ್ಪಿಯಾನು.

ವಾಟರ್‌ಲೂ ಯುದ್ಧದ ಹತ್ತೊಂಬತ್ತು ಅಧ್ಯಾಯಗಳನ್ನು ಮಾತ್ರ ಬಿಡಬೇಡಿ. ತೀರಾ ಬೇಸರವಾದರೆ ಕೊನೆಯದನ್ನಾದರೂ ಓದಿ. ರಾತ್ರಿ ಹೆಣಗಳ ಜೇಬು ದೋಚುವ ಕಳ್ಳನೊಬ್ಬ, ದೋಚುವುದಕ್ಕೆಂದೇ ಒಬ್ಬ ಅಧಿಕಾರಿಯನ್ನು ಹೆಣಗಳಡಿಯಿಂದ ಎಳೆಯುತ್ತಾನೆ. ಆತ ಬದುಕಿದ್ದಾನೆ, ಕಳ್ಳನೇ ತನ್ನ ಪ್ರಾಣ ಉಳಿಸಿದನೆಂದು ನಂಬುತ್ತಾನೆ. ಆ ಋಣ ಮಗ ಮಾರಿಯಸ್‌ನ ತಲೆಗೆ ಬರುತ್ತದೆ. ಕಳ್ಳ ತೆನಾರ್ದಿಯೆ ವಾಲ್‌ಝಾನ್‌ನನ್ನು ಹಿಂಸಿಸುವಾಗ, ಪಿಸ್ತೂಲು ಕೈಯಲ್ಲಿದ್ದರೂ ಮಾರಿಯಸ್ ಪೊಲೀಸರಿಗೆ ಸೂಚನೆ ಕೊಡಲಾರದೆ ಒದ್ದಾಡುವುದು ಇದಕ್ಕೇ. ಕೆಡುಕು ಮಾಡಹೋದವನಿಂದ ಒಳಿತಾದರೆ ಅವನಿಗೆ ಕೃತಜ್ಞತೆ ಸಲ್ಲಬೇಕೆ? ಸಂಗ್ರಹದಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ದುಡಿದು ದಣಿದವರಿಗೆ, ಅಡುಗೆಮನೆ ಮುಗಿಸಿ ಅರ್ಧ ಗಂಟೆ ಸಿಗುವ ಹೆಣ್ಣುಮಕ್ಕಳಿಗೆ ಸಾವಿರ ಪುಟ ಓದಿ ಎನ್ನುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪಣೆ. ಸಂಗ್ರಹ ಓದುವುದು ತಪ್ಪಲ್ಲ, ಅದನ್ನೋದಿ ಆ ಮನುಷ್ಯ ನನಗೆ ಗೊತ್ತು ಎನ್ನುವುದರಲ್ಲಿ ತೊಡಕಿದೆ. ಪೊಲೀಸ್ ಅಧಿಕಾರಿ ಝವೇರ್ ವರ್ಷಾನುಗಟ್ಟಲೆ ವಾಲ್‌ಝಾನ್‌ನ ಹಿಂದೆ ಅಲೆದರೂ ಅವನ ಬಗ್ಗೆ ಬಲ್ಲದ್ದು ಒಂದೇ ಸಾಲು. ಆ ಸಾಲಿಗೆ ಹೊಂದದಂತೆ ವಾಲ್‌ಝಾನ್ ಅವನನ್ನು ಕೊಲ್ಲದೆ ಬಿಟ್ಟಾಗ ಅವನಿಗೆ ಸೇನ್ ನದಿಯೇ ಗತಿಯಾಗುತ್ತದೆ.

ಝವೇರ್‌ಗಿಂತ ನನ್ನನ್ನು ಹೆಚ್ಚು ಕಾಡುವವನು ಮಾರಿಯಸ್, ಏಕೆಂದರೆ ಅವನು ಒಳ್ಳೆಯವನು. ಮದುವೆಯ ಮರುದಿನ ವಾಲ್‌ಝಾನ್ ತಾನು ಮಾಜಿ ಕೈದಿ, ಕೊಸೆಟ್‌ಳ ತಂದೆಯಲ್ಲ ಎಂದು ಅವನಿಗೆ ತಿಳಿಸುತ್ತಾನೆ. ಗಾಯಗೊಂಡ ಅವನನ್ನು ಚರಂಡಿಯೊಳಗೆ ಹೆಗಲ ಮೇಲೆ ಹೊತ್ತು ತಂದವನು ತಾನೇ ಎಂಬುದನ್ನು ಹೇಳುವುದಿಲ್ಲ. ಹೇಳಿದ್ದೆಲ್ಲ ಸತ್ಯವೇ. ತನ್ನ ಹಳದಿ ಕಾಗದವನ್ನು ಈ ಸಲ ಅವನೇ ಬರೆದುಕೊಂಡ. ಅದನ್ನಷ್ಟೇ ನಂಬಿದ ಮಾರಿಯಸ್ ಮೆಲ್ಲಗೆ ಅವನನ್ನು ದೂರ ಮಾಡುತ್ತಾನೆ. ಒಂದು ದಿನ ಭೇಟಿಯ ಕೋಣೆಯಲ್ಲಿ ಬೆಂಕಿ ಹಾಕಿರುವುದಿಲ್ಲ, ಇನ್ನೊಂದು ದಿನ ಕುರ್ಚಿಯೇ ಇರುವುದಿಲ್ಲ. ಉಳಿದ ಅಧ್ಯಾಯಗಳು ಅವನಿಗೆ ತಿಳಿಯುವ ಹೊತ್ತಿಗೆ, ಗಾಡಿ ಹತ್ತಿ ಇಬ್ಬರೂ ಓಡಿ ಬಂದಾಗ, ಬಿಷಪ್ ಕೊಟ್ಟ ಬೆಳ್ಳಿ ಕಂಬಗಳಲ್ಲಿ ಮೇಣದಬತ್ತಿ ಉರಿಯುತ್ತಿರುತ್ತದೆ, ಮುದುಕನಿಗೆ ಇನ್ನು ಸ್ವಲ್ಪವೇ ಹೊತ್ತು ಉಳಿದಿರುತ್ತದೆ.