ಉಳಿಪೆಟ್ಟಿನ ನ್ಯಾಯ

ಉಳಿಯ ಪೆಟ್ಟು ಬೀಳದೆ ಕಲ್ಲು ವಿಗ್ರಹವಾಗದು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಶಾಲೆಯ ಬೆತ್ತ, ಸಂಗೀತದ ಮೇಷ್ಟರ ಗದರಿಕೆ, ಗರಡಿಯ ಉಸ್ತಾದನ ಏಟು, ಎಲ್ಲ ಬಗೆಯ ಕಾಠಿನ್ಯಕ್ಕೂ ಈ ಒಂದು ಮಾತು ರಕ್ಷಾಕವಚವಾಗಿ ಒದಗಿಬಂದಿದೆ. ಪೆಟ್ಟು ತಿಂದವನು ಮುಂದೆ ದೊಡ್ಡವನಾದರೆ, “ಅಂದು ಹಾಗೆ ಮಾಡಿದ್ದರಿಂದಲೇ ಇಂದು ಹೀಗಾದ” ಎನ್ನುತ್ತೇವೆ. ಆಗದೆ ಹೋದರೆ ಆ ಮಾತನ್ನೇ ಎತ್ತುವುದಿಲ್ಲ. ಆದರೆ ಶಿಲ್ಪಿಯ ಅಂಗಳವನ್ನು ಕಂಡವರಿಗೆ ಗೊತ್ತು: ಗುಡಿಯೊಳಗೆ ಹೋದ ವಿಗ್ರಹದ ಹಿಂದೆ, ಪೆಟ್ಟಿಗೆ ಬಿರುಕುಬಿಟ್ಟು ಬೇಲಿಯ ಬದಿಗೆ ಬಿದ್ದ ಕಲ್ಲುಗಳೂ ಇರುತ್ತವೆ. ಅವುಗಳ ಲೆಕ್ಕ ಇಟ್ಟವರಿಲ್ಲ. ಮೇಲಾಗಿ ಕಲ್ಲಿಗೆ ನೋವಿಲ್ಲ, ಶಿಷ್ಯನಿಗೆ ಉಂಟು. ಹೀಗಿರುವಾಗ ಗುರುವಾದವನಿಗೆ ಕಠಿಣನಾಗುವ ಅಧಿಕಾರ ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಗೆಹರಿಸಹೊರಡುವುದಕ್ಕಿಂತ ಒಂದು ಬದುಕಿನೊಡನೆ ಇಟ್ಟು ನೋಡುವುದು ಲೇಸು. ಅದಕ್ಕೆ ನಾನು ಆರಿಸಿಕೊಂಡಿರುವುದು ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡವನ್ನು ಮೂವತ್ತೆಂಟು ವರ್ಷಗಳ ಕಾಲ ಪಳಗಿಸಿದ ಪ್ಯಾಟ್ ಸಮಿಟ್ ಅವರ ಬದುಕು. ಆಟದ ಮೈದಾನದ ಮಾತು ಸಾಹಿತ್ಯದ ಪುಟದಲ್ಲೇಕೆ ಎಂದು ಓದುಗರು ಕೇಳಬಹುದು. ತರಗತಿಯಲ್ಲಿ ಗುರು ಮಾಡಿದ ಒಳಿತು ಕೆಡುಕುಗಳು ಹೊರಗೆ ಕಾಣಲು ಇಪ್ಪತ್ತು ವರ್ಷ ಬೇಕು. ಅಂಗಣದಲ್ಲಿ ಅವು ಸಾವಿರಾರು ಕಣ್ಣುಗಳ ಮುಂದೆ ಅಂದಂದೇ ಬಯಲಾಗುತ್ತವೆ. ಪರೀಕ್ಷೆಗೆ ಅದೇ ಅನುಕೂಲವಾದ ಸ್ಥಳ.

ಪ್ಯಾಟ್ ಹುಟ್ಟಿದ್ದು 1952ರಲ್ಲಿ, ಟೆನೆಸೀ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ. ಬೆಳೆದದ್ದು ಒಕ್ಕಲು ಮನೆಯಲ್ಲಿ. ಮೂವರು ಅಣ್ಣಂದಿರ ಜೊತೆ ಹೊಲದ ಕೆಲಸ. ರಾತ್ರಿ ಹುಲ್ಲಿನ ಅಟ್ಟದಲ್ಲಿ ಅವರೊಡನೆಯೇ ಚೆಂಡಾಟ. ತಂದೆ ಬಲು ಶಿಸ್ತಿನ ಮನುಷ್ಯ. ಬಾಯಿ ತುಂಬ ಹೊಗಳುವುದಾಗಲಿ ಮುದ್ದುಮಾಡುವುದಾಗಲಿ ಅವರ ಸ್ವಭಾವದಲ್ಲಿರಲಿಲ್ಲ. ಆದರೆ ಕ್ಲಾರ್ಕ್ಸ್‌ವಿಲ್‌ನ ಪ್ರೌಢಶಾಲೆಯಲ್ಲಿ ಹುಡುಗಿಯರ ತಂಡವಿಲ್ಲವೆಂದು ತಿಳಿದಾಗ, ಮಗಳು ಆಡಲೆಂದು ಇಡೀ ಸಂಸಾರವನ್ನೇ ಹತ್ತಿರದ ಹೆನ್ರಿಯೆಟ್ಟಾ ಊರಿಗೆ ಸಾಗಿಸಿದವರೂ ಆ ತಂದೆಯೇ. ಪ್ರೀತಿ ಮಾತಿನಲ್ಲಿ ಬರದೆ ಹೀಗೆ ನಡತೆಯಲ್ಲಿ ಬರಬಹುದೆಂಬುದನ್ನು ಮಗಳು ಎಳವೆಯಲ್ಲಿಯೇ ಕಂಡಳು.

1974ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ಆಕೆ ಟೆನೆಸೀ ವಿಶ್ವವಿದ್ಯಾಲಯದ ತಂಡದ ಮುಖ್ಯ ಶಿಕ್ಷಕಿಯಾದರು. ತಿಂಗಳಿಗೆ 250 ಡಾಲರ್ ಸಂಬಳ. ಆಟಗಾರ್ತಿಯರಲ್ಲಿ ಕೆಲವರು ಆಕೆಗಿಂತ ಒಂದೇ ವರ್ಷಕ್ಕೆ ಚಿಕ್ಕವರು. ತಂಡದ ಸಮವಸ್ತ್ರಗಳನ್ನು ತಾವೇ ಒಗೆದರು. ಪರಸ್ಥಳಗಳಿಗೆ ವ್ಯಾನನ್ನು ತಾವೇ ನಡೆಸಿಕೊಂಡು ಹೋದರು. ಮೊದಲನೆಯ ಪಂದ್ಯದಲ್ಲಿ ಮರ್ಸರ್ ಕಾಲೇಜಿನ ಎದುರು 84ಕ್ಕೆ 83ರಂತೆ ಸೋತರು. ಅಲ್ಲಿಂದ ಮುಂದಿನದು ಅಂಕಿಗಳ ಕಥೆ, ಬೇಗ ಹೇಳಿಬಿಡಬಹುದು: 2012ರಲ್ಲಿ ಬಿಡುವ ಹೊತ್ತಿಗೆ 1,098 ಗೆಲುವು, 208 ಸೋಲು, ಎಂಟು ರಾಷ್ಟ್ರೀಯ ಪ್ರಶಸ್ತಿ, ಸೋಲು ಗೆಲುವನ್ನು ಮೀರಿದ ವರ್ಷ ಒಂದೂ ಇಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಆಟಗಾರ್ತಿಯಾಗಿ ಬೆಳ್ಳಿ, 1984ರ ಲಾಸ್ ಏಂಜಲಿಸ್‌ನಲ್ಲಿ ಶಿಕ್ಷಕಿಯಾಗಿ ಚಿನ್ನ.

ಈ ಗೆಲುವುಗಳ ಹಿಂದೆ ಇದ್ದ ಕಾಠಿನ್ಯ ಸಾಮಾನ್ಯವಾದುದಲ್ಲ. ಆಕೆಯ ದಿಟ್ಟಿಸುವ ನೋಟಕ್ಕೇ ಹುಡುಗಿಯರು ನಡುಗುತ್ತಿದ್ದರೆಂಬುದು ಆ ದೇಶದಲ್ಲಿ ಮನೆಮಾತಾಗಿತ್ತು. ಹಿಂದಿನ ರಾತ್ರಿ ಮೋಜಿನಲ್ಲಿ ಕಳೆದ ತಂಡವನ್ನು, ಅಂಗಣದ ಮೂಲೆಗಳಲ್ಲಿ ಕಸದ ಡಬ್ಬಿಗಳನ್ನಿಡಿಸಿ, ವಾಂತಿಯಾಗುವವರೆಗೆ ಓಡಿಸಿದ್ದುಂಟು. ಮನಸ್ಸಿಟ್ಟು ಆಡದ ತಂಡವನ್ನು ಅವರದೇ ಉಡುಪಿನ ಕೋಣೆಯಿಂದ ಹೊರಗಟ್ಟಿದ್ದುಂಟು. ತರಗತಿಯಲ್ಲಿ ಮೊದಲ ಮೂರು ಸಾಲುಗಳಲ್ಲಿಯೇ ಕುಳಿತುಕೊಳ್ಳಬೇಕು. ಪಾಠ ತಪ್ಪಿಸಿದವಳಿಗೆ ಪಂದ್ಯವಿಲ್ಲ. ಹುಡುಗಿ ಎಷ್ಟೇ ದೊಡ್ಡ ಆಟಗಾರ್ತಿಯಾಗಿರಲಿ, ನಿಯಮ ಒಂದೇ.

ಇದನ್ನು ಯಾವ ನ್ಯಾಯದಿಂದ ಸಮರ್ಥಿಸುವುದು? ಎಲ್ಲರ ಬಾಯಿಗೆ ಮೊದಲು ಬರುವುದು ಗೆಲುವಿನ ನ್ಯಾಯ. “ಎಂಟು ಪ್ರಶಸ್ತಿ ಬಂದುವಲ್ಲ, ಇನ್ನೇನು?” ಎನ್ನುತ್ತಾರೆ. ಇದಕ್ಕಿಂತ ದುರ್ಬಲವಾದ ಸಮರ್ಥನೆ ಇನ್ನೊಂದಿಲ್ಲ. ಗೆಲುವೇ ಪ್ರಮಾಣವಾದರೆ ಯಾವ ಕ್ರೌರ್ಯವನ್ನಾದರೂ ಒಪ್ಪಬೇಕಾಗುತ್ತದೆ, ಏಕೆಂದರೆ ಕ್ರೂರಿಗಳೂ ಗೆದ್ದಿದ್ದಾರೆ. ಸೋತ ದಿನ ಅದೇ ಶಿಸ್ತು ಅಪರಾಧವೂ ಆಗಬೇಕಾಗುತ್ತದೆ. 1997ರಲ್ಲಿ ಈಕೆಯ ತಂಡ ಹತ್ತು ಪಂದ್ಯಗಳನ್ನು ಸೋತು ಕೊನೆಯಲ್ಲಿ ಪ್ರಶಸ್ತಿ ಗಳಿಸಿತು. ಮರುವರ್ಷ ಮೂವತ್ತೊಂಬತ್ತು ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಮೊದಲ ವರ್ಷದ ಕಾಠಿನ್ಯ ಅರೆನ್ಯಾಯ, ಎರಡನೆಯ ವರ್ಷದ್ದು ಪೂರ್ಣನ್ಯಾಯ ಎನ್ನಲು ಬಂದೀತೆ? ಗೆಲುವಿನ ಅಂಕಿಯಾದರೂ ಶಾಶ್ವತವೆ? ಆ 1,098ನ್ನು 2020ರ ಡಿಸೆಂಬರಿನಲ್ಲಿ ಸ್ಟ್ಯಾನ್‌ಫರ್ಡಿನ ಟಾರಾ ವ್ಯಾನ್‌ಡರ್ವೀರ್ ದಾಟಿದರು. ಇನ್ನೊಬ್ಬರು ದಾಟಿದ ಮಾತ್ರಕ್ಕೆ ಕುಸಿದುಬೀಳುವ ಕಟ್ಟೆಯ ಮೇಲೆ ಧರ್ಮದ ಪ್ರಶ್ನೆಯನ್ನು ನಿಲ್ಲಿಸಲಾಗದು.

ಎರಡನೆಯ ಸಮರ್ಥನೆ ಇದಕ್ಕಿಂತ ಗಟ್ಟಿಯಾದುದು. ಟೆನೆಸೀಯಲ್ಲಿ ತಮ್ಮ ಆಟದ ಅವಧಿಯನ್ನು ಪೂರೈಸಿದ ಆಕೆಯ ಶಿಷ್ಯೆಯರೆಲ್ಲರೂ ಪದವಿ ಪಡೆದರು. ಕ್ರೀಡೆಯ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ದುಡಿಸಿಕೊಂಡು, ಕಾಲಿನ ಬಲ ತೀರಿದಾಗ ಕೈಬಿಡುವ ಕಾಲೇಜುಗಳನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಇಲ್ಲಿ ಕಾಠಿನ್ಯದ ಫಲ ಗುರುವಿನ ಕಪಾಟಿಗೆ ಮಾತ್ರ ಹೋಗಲಿಲ್ಲ. ಶಿಷ್ಯೆಯ ಕೈಗೂ ಬಂದಿತು. ಆದರೂ ವಾಕ್ಯದಲ್ಲಿರುವ “ಪೂರೈಸಿದ” ಎಂಬ ಮಾತನ್ನು ಗಮನಿಸಬೇಕು. ಪೂರೈಸದೆ ನಡುವೆ ಬಿಟ್ಟುಹೋದವರೂ ಇದ್ದರು. ಅವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಬೇಲಿಯ ಬದಿಯ ಕಲ್ಲುಗಳ ಮಾತನ್ನು ಮೊದಲಿಗೇ ಎತ್ತಿದ್ದು ಇದಕ್ಕಾಗಿಯೇ.

ನಮ್ಮ ಮಹಾಭಾರತದಲ್ಲಿ ದ್ರೋಣನಿದ್ದಾನೆ. ಬಿಲ್ವಿದ್ಯೆಯಲ್ಲಿ ಅವನಂಥ ಗುರು ವಿರಳ. ಅವನ ಶಿಷ್ಯನಂಥ ಬಿಲ್ಲುಗಾರನೂ ವಿರಳ. ಆದರೂ ಅವನ ಹೆಸರೆತ್ತಿದಾಗ ನಮಗೆ ಅರ್ಜುನನ ಜೊತೆಯಲ್ಲೇ ಏಕಲವ್ಯನೂ, ಅವನು ಕತ್ತರಿಸಿಕೊಟ್ಟ ಹೆಬ್ಬೆರಳೂ ನೆನಪಾಗುತ್ತವೆ. ಆ ಬೆರಳಿನಿಂದ ಏಕಲವ್ಯನಿಗೆ ಲಾಭವೇನೂ ಆಗಲಿಲ್ಲ. ಗುರು ಇನ್ನೊಬ್ಬ ಶಿಷ್ಯನಿಗೆ ಕೊಟ್ಟ ಮಾತು ಉಳಿಯಿತು, ಅಷ್ಟೆ. ಕಾಠಿನ್ಯದಲ್ಲಿ ಎರಡು ಬಗೆ ಎಂಬುದು ಇಲ್ಲಿ ತಿಳಿಯುತ್ತದೆ. ಒಂದು, ಶಿಷ್ಯನಿಂದ ಏನನ್ನೋ ಕಿತ್ತುಕೊಳ್ಳುವುದು. ಇನ್ನೊಂದು, ಶಿಷ್ಯನಲ್ಲಿ ಇರುವುದನ್ನು ಹೊರಗೆ ಬರಮಾಡುವುದು. ನೋವು ಎರಡರಲ್ಲೂ ಒಂದೇ ಬಗೆಯಾಗಿರಬಹುದು. ಆದ್ದರಿಂದ ನೋವಿನ ಅಳತೆಯಿಂದ ಅವನ್ನು ಬೇರ್ಪಡಿಸಲಾಗದು. ಬೇರೆ ಗುರುತು ಬೇಕು.

ಆ ಗುರುತನ್ನು ಹುಡುಕುವಾಗ ಪ್ಯಾಟ್ ಸಮಿಟ್ ಕೆಲಸ ಆರಂಭಿಸಿದ ಕಾಲವನ್ನು ನೆನೆಯಬೇಕು. ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು ಅಮೆರಿಕದಲ್ಲಿ ಕಾನೂನಾದದ್ದು 1972ರಲ್ಲಿ. ಆಗಿನ್ನೂ ಟೆನೆಸೀಯ ಪ್ರೌಢಶಾಲೆಗಳಲ್ಲಿ ಹುಡುಗಿಯರು ಆಡುತ್ತಿದ್ದುದು ಬೇರೆಯೇ ಬಗೆಯ ಬ್ಯಾಸ್ಕೆಟ್‌ಬಾಲ್. ತಂಡಕ್ಕೆ ಐವರ ಬದಲು ಆರು ಜನ: ಮೂವರು ಅಂಗಣದ ಒಂದು ಅರ್ಧದಲ್ಲಿ, ಮೂವರು ಇನ್ನೊಂದು ಅರ್ಧದಲ್ಲಿ. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಒಂದು ಗುಂಪು ಬುಟ್ಟಿಗೆ ಚೆಂಡು ಹಾಕಬಹುದು, ತಡೆಯುವ ಕೆಲಸ ಅವರಿಗಿಲ್ಲ. ಇನ್ನೊಂದು ಗುಂಪು ತಡೆಯಬಹುದು, ಬುಟ್ಟಿಗೆ ಹಾಕುವಂತಿಲ್ಲ. ಹೆಣ್ಣಿನ ಮೈ ಇಡೀ ಅಂಗಣದ ಓಟವನ್ನು ತಾಳಲಾರದು ಎಂಬುದು ಇದರ ಹಿಂದಿದ್ದ ನಂಬಿಕೆ. ಈ ನಿಯಮ ಬದಲಾಗಬೇಕೆಂದು ವಾದಿಸಿದವರಲ್ಲಿ ಪ್ಯಾಟ್ ಒಬ್ಬರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅದು ಬದಲಾಯಿತು.

ಈಗ ಯೋಚಿಸಿ. ಆ ನಡುಗೆರೆಯನ್ನು ಎಳೆದವರು ಕ್ರೂರಿಗಳಲ್ಲ. ಅವರ ಉದ್ದೇಶ ದಯೆಯೇ. ಹುಡುಗಿಗೆ ಆಯಾಸವಾಗಬಾರದು, ಬೆವರಬಾರದು, ಬೀಳಬಾರದು ಎಂಬ ಕಳಕಳಿ. ಆದರೆ ಆ ದಯೆಯ ಹೊಟ್ಟೆಯಲ್ಲಿ “ನಿನ್ನಿಂದ ಇಷ್ಟೇ ಸಾಧ್ಯ” ಎಂಬ ತಿರಸ್ಕಾರ ಅಡಗಿತ್ತು. ಇನ್ನೊಂದು ಕಡೆ, ಮೂಲೆಗಳಲ್ಲಿ ಕಸದ ಡಬ್ಬಿಯಿಟ್ಟು ಓಡಿಸಿದ ಶಿಕ್ಷಕಿಯ ಕಾಠಿನ್ಯದಲ್ಲಿ “ನಿನ್ನಿಂದ ಇನ್ನೂ ಸಾಧ್ಯ” ಎಂಬ ಗೌರವ ಇತ್ತು. ನಮ್ಮ ಮನೆಗಳಲ್ಲಿ, ತರಗತಿಗಳಲ್ಲಿ ಇಂಥ ದಯೆ ಇಂದಿಗೂ ಕಡಮೆಯಾಗಿಲ್ಲ. ಹಿಂದಿನ ಬೆಂಚಿನ ಹುಡುಗನಿಗೆ ಕಷ್ಟದ ಪ್ರಶ್ನೆ ಕೇಳದೆ ಬಿಡುವುದು, ಹೆಣ್ಣುಮಗಳಿಗೆ ಇಷ್ಟು ಓದು ಸಾಕೆನ್ನುವುದು, ಇವೆಲ್ಲ ಮೃದುವಾದ ಮಾತುಗಳಲ್ಲಿಯೇ ನಡೆಯುತ್ತವೆ. ಆದಕಾರಣ ಮೃದುತ್ವವೆಲ್ಲ ಪ್ರೀತಿಯೆಂದೂ ಕಾಠಿನ್ಯವೆಲ್ಲ ಹಿಂಸೆಯೆಂದೂ ತಿಳಿಯುವುದು ಅವಸರದ ತೀರ್ಮಾನ. ಶಿಷ್ಯನ ಸಾಮರ್ಥ್ಯದಲ್ಲಿ ಗುರುವಿಗೆ ಅವನಿಗಿಂತ ಹೆಚ್ಚಿನ ನಂಬಿಕೆ ಇರುವುದು, ಇದು ನ್ಯಾಯವಾದ ಕಾಠಿನ್ಯದ ಮೊದಲ ಗುರುತು. ತಾನು ಹೊರಿಸಿದ ಭಾರವನ್ನು ತಾನೂ ಹೊರುವುದು ಎರಡನೆಯದು. ಬಟ್ಟೆ ಒಗೆದು, ವ್ಯಾನು ನಡೆಸಿ, ಸೋತ ಮೊಣಕಾಲನ್ನು ಸರಿಮಾಡಿಕೊಂಡು ಒಲಿಂಪಿಕ್ಸಿಗೆ ಹೋದ ಶಿಕ್ಷಕಿ “ಇನ್ನೊಂದು ಸುತ್ತು ಓಡು” ಎಂದಾಗ ಆ ಮಾತಿಗೆ ತೂಕವಿರುತ್ತದೆ.

ಆದರೆ ನಂಬಿಕೆಯ ಹೆಸರಿನಲ್ಲಿಯೂ ಹಿಂಸೆ ನಡೆದೀತು; ತಾನು ಕಷ್ಟಪಟ್ಟವನು ಇನ್ನೊಬ್ಬರ ಕಷ್ಟಕ್ಕೆ ಕುರುಡಾಗುವುದೂ ಲೋಕದಲ್ಲಿ ಕಂಡದ್ದೇ. ಮೂರನೆಯ ಗುರುತೊಂದು ಬೇಕು. ಅದು ಪ್ಯಾಟ್ ಸಮಿಟ್ ಅವರ ಕೊನೆಯ ವರ್ಷಗಳಲ್ಲಿ ಕಂಡುಬಂದಿತೆಂದು ನನ್ನ ಎಣಿಕೆ.

2011ರ ಆಗಸ್ಟಿನಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ತಮಗೆ ಆಲ್‌ಜೈಮರ್ ಎಂಬ ಮರೆವಿನ ರೋಗ ತಗಲಿದೆಯೆಂದು ಆಕೆ ಬಹಿರಂಗವಾಗಿ ತಿಳಿಸಿದರು. ತಂಡದ ಹುಡುಗಿಯರಿಗೂ ತಾವೇ ಹೇಳಿದರು. ದೌರ್ಬಲ್ಯ ತೋರಬಾರದೆಂದು ಮೂವತ್ತೇಳು ವರ್ಷ ಕಲಿಸಿದವರು ತಮ್ಮ ದೌರ್ಬಲ್ಯವನ್ನು ಶಿಷ್ಯೆಯರ ಮುಂದೆ ಬಿಚ್ಚಿಟ್ಟರು. ಇನ್ನೊಂದು ವರ್ಷ ಅಂಗಣದ ಪಕ್ಕದಲ್ಲಿ ಕುಳಿತರು. ಹೊಣೆಯ ಹೆಚ್ಚಿನ ಭಾಗವನ್ನು ಸಹಾಯಕಿಯರು ಹೊತ್ತರು. 2012ರಲ್ಲಿ ಆ ಪೀಠಕ್ಕೆ ಬಂದ ಹಾಲಿ ವಾರ್ಲಿಕ್, ಎಪ್ಪತ್ತರ ದಶಕದಲ್ಲಿ ಆಕೆಯ ಕೈಕೆಳಗೆ ಆಡಿ, ಮುಂದೆ ಇಪ್ಪತ್ತೇಳು ವರ್ಷ ಜೊತೆಯಲ್ಲಿ ದುಡಿದವರು. 2013ರಲ್ಲಿ ಪ್ಯಾಟ್ ಅವರ ಆತ್ಮಕಥೆ ಹೊರಬಂದಿತು. ಅದರಲ್ಲಿ ಆಕೆಯ ನೆನಪುಗಳ ಪಕ್ಕದಲ್ಲಿ ಹಳೆಯ ಶಿಷ್ಯೆಯರ, ಸಹೋದ್ಯೋಗಿಗಳ ನೆನಪುಗಳೂ ಇವೆ. ಗುರುವಿಗೆ ಜಾರಿಹೋಗುತ್ತಿದ್ದುದನ್ನು ಶಿಷ್ಯೆಯರು ಹಿಡಿದುಕೊಟ್ಟರು. 2016ರ ಜೂನ್ 28ರಂದು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡರು.

ಗುರುವಿನ ನೋಟಕ್ಕೆ ಯಾರೂ ಅಂಜಬೇಕಾಗಿಲ್ಲದ ದಿನವೇ ನಿಜವಾದ ಪರೀಕ್ಷೆಯ ದಿನ. ಅಧಿಕಾರ ಹೋಗಿದೆ, ಗೆದ್ದ ಪಂದ್ಯಗಳು ಗೆದ್ದವರಿಗೇ ಮಸಕಾಗುತ್ತಿವೆ. ಅಂದು ಶಿಷ್ಯರು ಬಂದು ಪಕ್ಕದಲ್ಲಿ ಕೂರುವರೆ? ಭಯದಿಂದ ಕಟ್ಟಿದ ಸಂಬಂಧ ಭಯದೊಡನೆಯೇ ಮುಗಿಯುತ್ತದೆ. ಇಲ್ಲಿ ಹಾಗಾಗಲಿಲ್ಲ. ಬಹು ಮಂದಿ ಉಳಿದರು. ತಾವು ಪಟ್ಟ ಪಾಡನ್ನು ಮರೆಮಾಚದೆ ಹೇಳಿಕೊಂಡೂ ಉಳಿದರು. ಶಿಷ್ಯನಿಗೆ ನೋವನ್ನು ಹೇಳುವ ಸ್ವಾತಂತ್ರ್ಯವಿದ್ದು, ಹೇಳಿದ ಮೇಲೂ ಬಾಂಧವ್ಯ ಉಳಿದರೆ, ಅದೇ ಮೂರನೆಯ ಗುರುತು.

ಹಾಗೆಂದು ಲೆಕ್ಕ ಪೂರ್ತಿಯಾಗಿ ಮುಗಿಯಿತೆಂದು ನಾನು ಹೇಳಲಾರೆ. ಉಳಿದವರ ಸಾಕ್ಷಿ ನಮ್ಮ ಮುಂದಿದೆ. ಬಿಟ್ಟುಹೋದವರೆಲ್ಲರ ಸಾಕ್ಷಿ ಇಲ್ಲ. ಕಾಠಿನ್ಯವೆಂಬುದು ಗುರು ತನ್ನ ಶಿಷ್ಯನಿಂದ ಎತ್ತುವ ಸಾಲ. “ಮುಂದೆ ನಿನಗೆ ಒಳಿತಾಗುವುದು, ಇಂದು ಇದನ್ನು ಸಹಿಸು” ಎಂಬುದೇ ಅದರ ಪತ್ರ. ಕೆಲವರು ಈ ಸಾಲವನ್ನು ಬಡ್ಡಿಸಹಿತ ತೀರಿಸುತ್ತಾರೆ; ಪ್ಯಾಟ್ ಸಮಿಟ್ ಬಹುಪಾಲು ಹಾಗೆ ತೀರಿಸಿದವರೆಂದು ನಾನು ನಂಬುತ್ತೇನೆ. ಆದರೆ ತೀರಿತೆಂದು ರಶೀದಿ ಬರೆಯಬೇಕಾದವನು ಸಾಲ ಕೊಟ್ಟವನು, ತೆಗೆದುಕೊಂಡವನಲ್ಲ. ಪಾಠ ಹೇಳುವ ನಾವು, ಮಕ್ಕಳನ್ನು ಬೆಳೆಸುವ ತಂದೆತಾಯಿಗಳು, ಉಳಿ ಎತ್ತುವ ಮುನ್ನ ಇಷ್ಟನ್ನು ನೆನೆದರೆ ಸಾಕು. ಆಗ ಪೆಟ್ಟುಗಳು ಕಡಮೆಯಾದಾವು. ಬಿದ್ದ ಪೆಟ್ಟು ಬೀಳಬೇಕಾದ ಕಡೆಯೇ ಬಿದ್ದೀತು.